ಸ್ಕ್ಯಾನ್ ನಾರ್ಮಲ್ ಇತ್ತು, ಅಪ್ಪ ನಾರ್ಮಲ್ ಇರಲಿಲ್ಲ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

 

ನಮ್ಮೂರು ಸಂತೆಮರಹಳ್ಳಿ ಕಡೆ, ಚಾಮರಾಜನಗರ ತಾಲ್ಲೂಕು. ಹೊರಗಿನವರು ಸಂತೆಮರಹಳ್ಳಿ ಹೆಸರು ಕೇಳಿದ್ರೆ ನೆನಪು ಮಾಡ್ಕೊಳ್ಳೋದು ಸಾಮಾನ್ಯವಾಗಿ ಒಂದೇ ವಿಷಯ. 2004ರ ವಿಧಾನಸಭೆ ಚುನಾವಣೇಲಿ ಇಲ್ಲಿ ಆರ್. ಧ್ರುವನಾರಾಯಣ ಒಂದೇ ಒಂದು ವೋಟಿನಿಂದ ಗೆದ್ರು. ಆಮೇಲೆ ಕ್ಷೇತ್ರ ಮರುವಿಂಗಡಣೆಯಲ್ಲಿ ಆ ಕ್ಷೇತ್ರವೇ ಇಲ್ಲವಾಯ್ತು. ಆದ್ರೆ ನಮ್ಮ ಕಡೆ ಇವತ್ತಿಗೂ ಯಾರಾದ್ರೂ 'ಇಷ್ಟೇ ಇಷ್ಟು, ಏನಾಗಲ್ಲ ಬಿಡು' ಅಂದ್ರೆ, ಪಕ್ಕದಲ್ಲಿ ಇನ್ನೊಬ್ರು 'ಒಂದು ವೋಟು ನೆನಪದಾ?' ಅಂತಾರೆ.

ಇವತ್ತು ನಾನು ಹೇಳೋದೂ ಒಂದು ಸಣ್ಣ ಚುಕ್ಕಿಯ ಕಥೆ. ಗಾತ್ರ ಒಂಬತ್ತು ಮಿಲಿಮೀಟರ್. ನಮ್ಮಪ್ಪನ ಮೆದುಳಿನ ಒಳಭಾಗದಲ್ಲಿ ಆಗಿದ್ದು.

ಮೊದಲೇ ಹೇಳ್ಬಿಡ್ತೀನಿ, ನಾನು ಡಾಕ್ಟರಲ್ಲ. ಮೈಸೂರಲ್ಲಿ ಎಂಆರ್‌ಐ ಟೆಕ್ನಿಷಿಯನ್. ಪೇಷಂಟನ್ನ ಮಷೀನ್ ಒಳಗೆ ಮಲಗಿಸಿ, ಚಿತ್ರ ತೆಗೆದು, ರೇಡಿಯಾಲಜಿಸ್ಟ್‌ಗೆ ಕಳಿಸೋದು ನನ್ನ ಕೆಲಸ. ಅಪ್ಪನಿಗೆ ಹೀಗಾದಾಗ ನಾನಿನ್ನೂ ಅದೇ ಕೋರ್ಸಿನ ಎರಡನೇ ವರ್ಷದ ವಿದ್ಯಾರ್ಥಿ.

ಹಾಲಿನ ಕ್ಯಾನು

ಅಪ್ಪನಿಗೆ ಆಗ ಐವತ್ತೆಂಟು. ಎರಡೂವರೆ ಎಕರೆ, ಬಾಳೆ ಮತ್ತು ಅರಿಶಿನ. ಎರಡು ಹಸು. ಬೀಪಿ ಇದೆ ಅಂತ ಗೊತ್ತಾಗಿ ನಾಲ್ಕು ವರ್ಷ ಆಗಿತ್ತು. ಮಾತ್ರೆ ಶುರು ಮಾಡಿ, 'ಚೆನ್ನಾಗೇ ಇದ್ದೀನಲ್ಲ' ಅಂತ ಅವರೇ ನಿಲ್ಲಿಸಿಬಿಟ್ಟಿದ್ರು.

ಒಂದು ದಿನ ಬೆಳಗ್ಗೆ ಐದೂವರೆಗೆ ಎದ್ದು ಹಾಲು ಕರೆದಿದ್ದಾರೆ. ಆಗ ಸರಿಯಾಗೇ ಇದ್ರು. ಆರೂಕಾಲಿಗೆ ಡೇರಿ ಹತ್ರ ಕ್ಯಾನು ಬಲಗೈಯಿಂದ ಜಾರಿ ಬಿತ್ತು. ಬಗ್ಗಿ ಎತ್ತೋಕೆ ಹೋದ್ರೆ ಬೆರಳು ಹಿಡಿತಕ್ಕೆ ಬರ್ತಿಲ್ಲ. ಪಕ್ಕದಲ್ಲಿದ್ದವರಿಗೆ ಏನೋ ಹೇಳಿದ್ರು, ಮಾತು ಸ್ವಲ್ಪ ತೊದಲಿತು. ಅಲ್ಲಿದ್ದ ಒಬ್ಬರು ನಗ್ತಾ, 'ಬೆಳಗ್ಗೇನೇ ಹಾಕ್ಬುಟ್ಟಿದ್ದೀಯ' ಅಂದ್ರಂತೆ. ಅಪ್ಪ ಜೀವಮಾನದಲ್ಲಿ ಕುಡಿದವರಲ್ಲ.

ಅವ್ವ ಫೋನ್ ಮಾಡಿದ್ರು. 'ಮಗ, ನಿಮ್ಮಪ್ಪನ ಮಾತು ಯಾಕೊ ತೊದಲ್ತಾ ಅದ ಕನಪ್ಪ. ಕೈಲಿ ಏನೂ ನಿಲ್ತಾ ಇಲ್ಲ.' ಹಿಂದಿನಿಂದ ಅಪ್ಪನ ದನಿ: 'ಏನೂ ಆಗಿಲ್ಲ ಕನ, ರಾತ್ರಿ ಕೈ ಮೇಲ ಮಲ್ಗಿದ್ನಲ್ಲ, ಜೋಮು ಹಿಡ್ದದ.'

ಪಕ್ಕದ ಮನೆಯವರ ಕಾರಲ್ಲಿ ಆಸ್ಪತ್ರೆಗೆ ಹೋಗೋಷ್ಟರಲ್ಲಿ ಎಂಟೂವರೆ. ಒಂಬತ್ತಕ್ಕೆ ಸಿಟಿ ಸ್ಕ್ಯಾನ್ ಆಯ್ತು. ಅಷ್ಟೊತ್ತಿಗೆ ಕೈ ವಸಿ ವಾಸಿ ಆಗಿತ್ತು, ಮಾತೂ ತಿಳಿಯಾಗಿತ್ತು. 'ಸ್ಕ್ಯಾನ್ ನಾರ್ಮಲ್ ಇದೆ' ಅಂತ ಹೇಳಿ, ಬೀಪಿ ಮಾತ್ರೆ ಬರೆದುಕೊಟ್ಟು ಕಳಿಸಿದ್ರು. ಚಿಕ್ಕಪ್ಪ ಆ ಫಿಲ್ಮನ್ನ ಕಿಟಕಿ ಬೆಳಕಿಗೆ ಹಿಡಿದು ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡಿದ್ರು. 'ನೀನೇ ಓದ್ತಾ ಇದ್ದೀಯಲ್ಲ, ನೋಡು' ಅಂತ.

ನಾನು ನೋಡಿದೆ. ಎರಡು ಬೆರಳಲ್ಲಿ ಜೂಮ್ ಮಾಡಿ ನೋಡಿದೆ. ಬಿಳಿ ರಕ್ತದ ಗುರುತು ಎಲ್ಲೂ ಇಲ್ಲ. 'ನಾರ್ಮಲ್ ಇದೆ ಚಿಕ್ಕಪ್ಪ, ಮನೆಗೆ ಕರ್ಕೊಂಡೋಗಿ ಮಲಗಿಸಿ' ಅಂತ ಟೈಪ್ ಮಾಡಿದೆ. ಆ ಮೆಸೇಜ್ ನನ್ನ ಫೋನಲ್ಲಿ ಇನ್ನೂ ಇದೆ. ಟೈಮು 9:42.

ಸಂಜೆ ಏಳಕ್ಕೆ ಅಪ್ಪನ ಬಲಗೈ, ಬಲಗಾಲು ಎರಡೂ ಹೋದವು.

ಡ್ರಿಪ್ ಪೈಪಿನ ಲೆಕ್ಕ

ಮಾರನೇ ದಿನ ಮೈಸೂರಲ್ಲಿ ಎಂಆರ್‌ಐ. ಕಂಪ್ಯೂಟರ್ ಪರದೆ ಮೇಲೆ, ಮೆದುಳಿನ ಎಡಭಾಗದ ಆಳದಲ್ಲಿ, ಬೆಳ್ಳಗೆ ಹೊಳೆಯೋ ಒಂದು ಚುಕ್ಕಿ. ಕಡಲೆಕಾಳಿನ ಗಾತ್ರ. ಅಷ್ಟು ಸಣ್ಣದು ಒಬ್ಬ ಮನುಷ್ಯನ ಅರ್ಧ ದೇಹವನ್ನ ಹೇಗೆ ನಿಲ್ಲಿಸುತ್ತೆ?

ನಮ್ಮ ಬಾಳೆ ತೋಟದ ಡ್ರಿಪ್ ನೆನಪು ಮಾಡ್ಕೊಳ್ಳಿ. ದೊಡ್ಡ ಮೇನ್ ಪೈಪು, ಅದರಿಂದ ಕವಲೊಡೆದ ಸಣ್ಣ ಕಪ್ಪು ಪೈಪುಗಳು. ಮೆದುಳಿಗೂ ಹಾಗೇನೆ. ದೊಡ್ಡ ರಕ್ತನಾಳಗಳು ಮೆದುಳಿನ ಬುಡದಲ್ಲಿ, ಮೇಲ್ಮೈ ಮೇಲೆ ಓಡಾಡ್ತವೆ. ಆಳದ ಭಾಗಕ್ಕೆ ರಕ್ತ ಹೋಗೋದು ಅವುಗಳಿಂದ ನೇರವಾಗಿ ಒಳಗೆ ಇಳಿಯೋ ಕೂದಲಿನಂಥ ನಾಳಗಳಿಂದ. ಅವುಗಳಲ್ಲಿ ಅನೇಕ ನಾಳಗಳ ಅಗಲ ಅರ್ಧ ಮಿಲಿಮೀಟರೂ ಇರಲ್ಲ. ಮೇಲ್ಮೈ ಕಡೆ ಒಂದು ನಾಳ ಕಟ್ಟಿದ್ರೆ ಪಕ್ಕದ ನಾಳದಿಂದ ಸ್ವಲ್ಪವಾದ್ರೂ ರಕ್ತ ಬರಬಹುದು. ಆಳದಲ್ಲಿ ಆ ಅನುಕೂಲ ಇಲ್ಲ. ಒಂದೊಂದು ನಾಳವೂ ಡ್ರಿಪ್ಪಿನ ಕೊನೇ ಪೈಪಿನ ಹಾಗೆ, ಅದು ಕಟ್ಟಿದ್ರೆ ಅದರ ಪಾಲಿನ ಗಿಡ ಒಣಗಲೇಬೇಕು.

ವರ್ಷಗಟ್ಟಲೆ ಬೀಪಿ ಜಾಸ್ತಿ ಇದ್ರೆ ಈ ಸಣ್ಣ ನಾಳಗಳ ಗೋಡೆ ದಪ್ಪ ಆಗುತ್ತೆ, ಗಡಸಾಗುತ್ತೆ, ಒಳದಾರಿ ಕಿರಿದಾಗುತ್ತೆ. ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು ಅದಕ್ಕೆ ಇನ್ನಷ್ಟು ಸೇರಿಸ್ತವೆ. ಕೊನೆಗೆ ಎರಡರಲ್ಲಿ ಒಂದಾಗಬಹುದು. ನಾಳ ಕಟ್ಟಬಹುದು, ಇಲ್ಲ ಒಡೆಯಬಹುದು. ಬೀಪಿಯಿಂದ ಮೆದುಳಲ್ಲಿ ರಕ್ತಸ್ರಾವ ಆಗೋದೂ ಹೆಚ್ಚಾಗಿ ಇದೇ ಆಳದ ಜಾಗಗಳಲ್ಲಿ.

ಇನ್ನು ಆ ಜಾಗ ಯಾಕಷ್ಟು ಮುಖ್ಯ? ಮೆದುಳಿನ ಮೇಲ್ಪದರದಿಂದ ಕೈ, ಕಾಲು, ಮುಖಕ್ಕೆ ಹೋಗೋ ನರತಂತುಗಳೆಲ್ಲ ಕೆಳಗಿಳಿಯುವಾಗ ಆಳದಲ್ಲಿ ಒಂದು ಇಕ್ಕಟ್ಟಾದ ಜಾಗದಲ್ಲಿ ಒತ್ತೊತ್ತಾಗಿ ಸೇರ್ತವೆ. ಅದಕ್ಕೆ ಇಂಟರ್ನಲ್ ಕ್ಯಾಪ್ಸೂಲ್ ಅಂತಾರೆ. ಸಂತೆಮರಹಳ್ಳಿ ಸರ್ಕಲ್ ಇದ್ದ ಹಾಗೆ. ಯಳಂದೂರು ಕಡೆಯಿಂದ ಬಂದ ಬಸ್ಸೂ ಅಲ್ಲೇ ಬರಬೇಕು, ಚಾಮರಾಜನಗರದಿಂದ ಬಂದದ್ದೂ ಅಲ್ಲೇ. ಎಲ್ಲೋ ಹೊಲದ ಹಾದೀಲಿ ಒಂದು ಮರ ಬಿದ್ರೆ ಒಂದು ಊರಿಗೆ ತೊಂದರೆ. ಸರ್ಕಲಲ್ಲಿ ಒಂದು ಲಾರಿ ಅಡ್ಡ ನಿಂತ್ರೆ ಎಲ್ಲಾ ಕಡೆಯ ಬಸ್ಸೂ ನಿಲ್ತವೆ.

ಈ ಥರದ ಸಣ್ಣ ಆಳದ ಸ್ಟ್ರೋಕಿಗೆ 'ಲಕೂನಾರ್' ಅಂತ ಹೆಸರು. ಲಕೂನ ಅಂದ್ರೆ ಲ್ಯಾಟಿನ್‌ನಲ್ಲಿ ಸಣ್ಣ ಗುಂಡಿ, ಹೊಂಡ. ಸತ್ತ ಜಾಗ ಕರಗಿ ಕೊನೆಗೆ ನೀರು ತುಂಬಿದ ಗುಂಡಿಯಾಗಿ ಉಳಿಯೋದ್ರಿಂದ ಫ್ರಾನ್ಸಿನ ವೈದ್ಯರು ಹತ್ತೊಂಬತ್ತನೇ ಶತಮಾನದಲ್ಲೇ ಕೊಟ್ಟ ಹೆಸರು. ಬಾಸ್ಟನ್‌ನಲ್ಲಿದ್ದ ಸಿ. ಮಿಲ್ಲರ್ ಫಿಶರ್ ಅನ್ನೋ ನರರೋಗ ತಜ್ಞರು ಸಾವಿರಕ್ಕೂ ಹೆಚ್ಚು ಮೆದುಳುಗಳನ್ನ ಪರೀಕ್ಷೆ ಮಾಡಿ 1965ರಲ್ಲಿ ಈ ಗುಂಡಿಗಳ ಬಗ್ಗೆ ಬರೆದ್ರು. ಆಗ ಇದನ್ನ ಕಣ್ಣಾರೆ ನೋಡಬೇಕು ಅಂದ್ರೆ ಮನುಷ್ಯ ಸತ್ತ ಮೇಲೇನೇ. ಬದುಕಿರೋರ ತಲೆಯ ಮೊದಲ ಸಿಟಿ ಸ್ಕ್ಯಾನ್ ಆಗಿದ್ದು 1971ರಲ್ಲಿ, ಲಂಡನ್ನಿನಲ್ಲಿ.

ಇನ್ನೊಂದು ವಿಷಯ. ಇಂಥ ಸ್ಟ್ರೋಕಲ್ಲಿ ಸಾಮಾನ್ಯವಾಗಿ ಪ್ರಜ್ಞೆ ತಪ್ಪಲ್ಲ. ಮಾತು ತೊದಲಿದ್ರೂ ಬುದ್ಧಿ ಸರಿ ಇರುತ್ತೆ, ಕೇಳಿದ್ದಕ್ಕೆ ಸರಿಯಾಗೇ ಉತ್ತರ ಹೇಳ್ತಾರೆ. ಒಂದಷ್ಟು ಹೊತ್ತು ಬಿಟ್ಟು ಬಿಟ್ಟು ಬಂದು ಹೋಗಲೂಬಹುದು. ಅದಕ್ಕೇ ಮನೆಯವರು 'ಗ್ಯಾಸ್ಟ್ರಿಕ್ಕು, ಸುಸ್ತು, ಜೋಮು' ಅಂತ ಸಮಾಧಾನ ಮಾಡ್ಕೋತಾರೆ. ನಮ್ಮಪ್ಪನ ಕೈ ಒಂಬತ್ತು ಗಂಟೆಗೆ ವಾಸಿಯಾಗಿದ್ದು ವಾಸಿಯಾದ ಗುರುತಲ್ಲ. ಅದು ಎಚ್ಚರಿಕೆ ಆಗಿತ್ತು.

ಸಿಟಿ ಏನನ್ನ ಹುಡುಕುತ್ತೆ

ಇವತ್ತಿನ ಮುಖ್ಯ ಮಾತು ಇದು. ದಯವಿಟ್ಟು ಇದೊಂದನ್ನ ನೆನಪಿಟ್ಕೊಳ್ಳಿ.

ಸ್ಟ್ರೋಕ್ ಅಂತ ಬಂದ ತಕ್ಷಣ ಸಿಟಿ ಮಾಡೋದು ಸರಿಯಾದ ಕ್ರಮವೇ. ಕೆಲವೇ ನಿಮಿಷದಲ್ಲಿ ಮುಗಿಯುತ್ತೆ, ತುಂಬಾ ಕಡೆ ಸಿಗುತ್ತೆ. ಆದ್ರೆ ಅದು ಮೊದಲು ಉತ್ತರಿಸೋ ಪ್ರಶ್ನೆ ಒಂದೇ: ರಕ್ತಸ್ರಾವ ಆಗಿದೆಯಾ? ಹೊಸ ರಕ್ತ ಸಿಟಿಯಲ್ಲಿ ಬೆಳ್ಳಗೆ ಎದ್ದು ಕಾಣುತ್ತೆ. ನಾಳ ಕಟ್ಟಿದ್ರೆ ಮಾತ್ರ ಮೊದಲ ಕೆಲವು ಗಂಟೆ ಸಿಟಿಯಲ್ಲಿ ಏನೂ ಕಾಣದೇ ಇರಬಹುದು. ಅದರಲ್ಲೂ ಸಣ್ಣದಾಗಿ, ಆಳದಲ್ಲಿದ್ರೆ ಕಾಣದೇ ಇರೋ ಸಾಧ್ಯತೆಯೇ ಹೆಚ್ಚು.

ಹಾಗಾದ್ರೆ ಕೈ ಬಿದ್ದಿದೆ, ಮಾತು ತೊದಲ್ತಿದೆ, ಸಿಟಿ ನಾರ್ಮಲ್ ಇದೆ ಅಂದ್ರೆ ಅರ್ಥ ಏನು? 'ರಕ್ತಸ್ರಾವ ಇಲ್ಲ' ಅಂತ. ಅಂದ್ರೆ ನಾಳ ಕಟ್ಟಿರೋ ಸಾಧ್ಯತೆ ಹೆಚ್ಚು, ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡಬಹುದಾ ಅಂತ ಡಾಕ್ಟರು ಯೋಚಿಸೋಕೆ ದಾರಿ ತೆರೀತು ಅಂತ. ಆ ಇಂಜೆಕ್ಷನ್ ಸಾಮಾನ್ಯವಾಗಿ ತೊಂದರೆ ಶುರುವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು. 1995ರ ಅಮೆರಿಕದ ಅಧ್ಯಯನ ಮೂರು ಗಂಟೆ ಅಂತ ತೋರಿಸ್ತು, 2008ರ ಯುರೋಪಿನ ಅಧ್ಯಯನ ಅದನ್ನ ನಾಲ್ಕೂವರೆಗೆ ವಿಸ್ತರಿಸ್ತು. ಎಲ್ಲರಿಗೂ ಕೊಡೋಕಾಗಲ್ಲ, ಕೊಟ್ಟವರೆಲ್ಲ ಪೂರ್ತಿ ವಾಸಿ ಆಗಲ್ಲ. ಆದ್ರೆ ಎಷ್ಟು ಬೇಗ ಕೊಟ್ರೆ ಅಷ್ಟು ಲಾಭ.

ಅಪ್ಪ ಐದೂವರೆಗೆ ಸರಿ ಇದ್ರು, ಆರೂಕಾಲಿಗೆ ಕ್ಯಾನು ಬಿತ್ತು. ನಾನು 9:42ಕ್ಕೆ 'ಮನೆಗೆ ಕರ್ಕೊಂಡೋಗಿ' ಅಂದೆ. ಲೆಕ್ಕ ನೀವೇ ಹಾಕಿ. ಟೈಮ್ ಇನ್ನೂ ಇತ್ತು.

ನಾರ್ಮಲ್ ಸಿಟಿ ಅನ್ನೋದು ಡಿಸ್ಚಾರ್ಜ್ ಚೀಟಿ ಅಂತ ನಾನು ಅಂದುಕೊಂಡಿದ್ದೆ. ಅದು ಚಿಕಿತ್ಸೆಯ ಬಾಗಿಲು ಅಂತ ಗೊತ್ತಾಗಿದ್ದು ಮಾರನೇ ದಿನ.

ಹೊಳೆಯೋ ಚುಕ್ಕಿ

ಎಂಆರ್‌ಐನಲ್ಲಿ ಡಿಡಬ್ಲ್ಯುಐ ಅಂತ ಒಂದು ಬಗೆಯ ಚಿತ್ರ ಇದೆ. ತೆಗೆಯೋಕೆ ಒಂದೆರಡು ನಿಮಿಷ ಸಾಕು. ಅದು ಅಳೆಯೋದು ನೀರಿನ ಓಡಾಟವನ್ನ. ಮೆದುಳಲ್ಲಿ ಜೀವಕೋಶಗಳ ಸುತ್ತ ನೀರಿನ ಕಣಗಳು ಸದಾ ಅಲೆದಾಡ್ತಿರ್ತವೆ. ರಕ್ತ ನಿಂತ ಕೂಡಲೇ ಕೋಶದ ಶಕ್ತಿ ಮುಗಿಯುತ್ತೆ, ನೀರು ಒಳಗೆ ನುಗ್ಗಿ ಕೋಶ ಊದ್ಕೊಳ್ಳುತ್ತೆ, ನೀರಿಗೆ ಓಡಾಡೋ ಜಾಗ ಕಡಿಮೆಯಾಗುತ್ತೆ. ಓಡಾಟ ಕಡಿಮೆಯಾದ ಜಾಗ ಡಿಡಬ್ಲ್ಯುಐನಲ್ಲಿ ಬೆಳ್ಳಗೆ ಹೊಳೆಯುತ್ತೆ. ಅದಕ್ಕೆ ಜೋಡಿಯಾಗಿ ಎಡಿಸಿ ಅನ್ನೋ ಇನ್ನೊಂದು ಚಿತ್ರ ಇರುತ್ತೆ. ಅದರಲ್ಲಿ ಅದೇ ಜಾಗ ಕಪ್ಪಾಗಿದ್ರೆ ಹೊಸ ಸ್ಟ್ರೋಕ್ ಅನ್ನೋದು ಹೆಚ್ಚು ಖಚಿತ. 1990ರಲ್ಲಿ ಬೆಕ್ಕುಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಇದು ಬೇರೆ ಎಲ್ಲಾ ಚಿತ್ರಗಳಿಗಿಂತ ಮೊದಲು ಕಾಣುತ್ತೆ ಅಂತ ಗೊತ್ತಾಯ್ತು.

ಬೆಳಗ್ಗೆ ಎದ್ದಾಗಲೇ ಕೈ ಬಿದ್ದಿದ್ರೆ ಯಾವಾಗ ಆಯ್ತು ಅಂತ ಯಾರಿಗೂ ಗೊತ್ತಿರಲ್ಲ. ಅಲ್ಲೂ ಎಂಆರ್‌ಐ ಸಹಾಯಕ್ಕೆ ಬರುತ್ತೆ. ಡಿಡಬ್ಲ್ಯುಐನಲ್ಲಿ ಚುಕ್ಕಿ ಇದ್ದು, ಫ್ಲೇರ್ ಅನ್ನೋ ಚಿತ್ರದಲ್ಲಿ ಇನ್ನೂ ಕಾಣದೇ ಇದ್ರೆ, ಸ್ಟ್ರೋಕ್ ಆಗಿ ಹೆಚ್ಚು ಹೊತ್ತಾಗಿಲ್ಲ ಅಂತ ಊಹಿಸಬಹುದು. 2018ರಲ್ಲಿ ಪ್ರಕಟವಾದ ವೇಕ್-ಅಪ್ ಅಧ್ಯಯನ ಇಂಥವರಲ್ಲಿ ಇಂಜೆಕ್ಷನ್ನಿಂದ ಲಾಭ ಇದೆ ಅಂತ ತೋರಿಸ್ತು.

ಹಾಗಂತ ಎಂಆರ್‌ಐ ದೇವರಲ್ಲ. ಮೆದುಳಿನ ಕಾಂಡದ ಸಣ್ಣ ಸ್ಟ್ರೋಕುಗಳು ಮೊದಲ ದಿನ ಅದರಲ್ಲೂ ತಪ್ಪಿಸ್ಕೊಳ್ಳಬಹುದು. ಎಂಆರ್‌ಐಗೆ ಕಾಯ್ತಾ ಇಂಜೆಕ್ಷನ್ ಟೈಮ್ ಕಳೆಯೋದೂ ತಪ್ಪು. ಮಷೀನಿಗಿಂತ ಮುಂಚೆ ಡಾಕ್ಟರು ಪೇಷಂಟ್ ಕೈಕಾಲು ಎತ್ತಿಸಿ ನೋಡೋದು, ಮಾತಾಡಿಸೋದು ಮುಖ್ಯ. ಮನೆಯವರು ಹೇಳೋ ಮಾತು ಅದಕ್ಕಿಂತಲೂ ಮುಂಚೆ.

ಸ್ಟ್ರೋಕ್ ಥರ ಕಾಣದ ಸ್ಟ್ರೋಕು

ಕೆಲಸಕ್ಕೆ ಸೇರಿದ ಮೇಲೆ ನೋಡಿದ್ದು. ಒಂದು ರಾತ್ರಿ ಒಬ್ಬರನ್ನ ಕರ್ಕೊಂಡು ಬಂದ್ರು. ಮದುವೆ ಮನೆಯಿಂದ ಬಂದು ಮಲಗಿದವರು ಮಾರನೇ ದಿನ ಸಂಜೆ ಆದ್ರೂ ಎದ್ದಿಲ್ಲ. ಅಲುಗಾಡಿಸಿದ್ರೆ ಕಣ್ಣು ಬಿಟ್ಟು ಮತ್ತೆ ನಿದ್ದೆ. ಕೈಕಾಲು ಆಡ್ತವೆ, ಬಾಯಿ ಸೊಟ್ಟ ಆಗಿಲ್ಲ. 'ಕುಡಿದಿದ್ದು ಜಾಸ್ತಿ ಆಗಿದೆ' ಅಂತ ಮನೆಯವರು ಇಡೀ ದಿನ ಬಿಟ್ಟಿದ್ರು. ಎಂಆರ್‌ಐನಲ್ಲಿ ಮೆದುಳಿನ ನಟ್ಟನಡುವೆ, ಎಡಕ್ಕೊಂದು ಬಲಕ್ಕೊಂದು, ಎರಡು ಬಿಳಿ ಚುಕ್ಕಿ.

ಅದು ಥಲಾಮಸ್. ನಮ್ಮನ್ನ ಎಚ್ಚರವಾಗಿಡೋ ವ್ಯವಸ್ಥೆಯ ಮುಖ್ಯ ಭಾಗ. ಕೆಲವರಲ್ಲಿ ಎರಡೂ ಕಡೆಯ ಥಲಾಮಸ್‌ಗೆ ಒಂದೇ ಸಣ್ಣ ನಾಳ ರಕ್ತ ಕೊಡುತ್ತೆ, ಪರ್ಶೆರಾನ್ ನಾಳ ಅಂತ. ಅದು ಕಟ್ಟಿದ್ರೆ ಲಕ್ವ ಹೊಡೆದ ಹಾಗೆ ಕಾಣೋದೇ ಇಲ್ಲ, ನಿದ್ದೆ ಮಾಡ್ತಿರೋ ಹಾಗೆ ಕಾಣುತ್ತೆ.

ಇನ್ನೊಂದು, ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಿಗೆ ಸಂಬಂಧಿಸಿದ್ದು. ಬಾಣಂತಿಯರಲ್ಲಿ ಮೆದುಳಿನ ರಕ್ತ ವಾಪಸ್ ತಗೊಂಡು ಹೋಗೋ ನಾಳಗಳಲ್ಲಿ, ಅಂದ್ರೆ ಅಭಿಧಮನಿಗಳಲ್ಲಿ, ಹೆಪ್ಪುಗಟ್ಟಬಹುದು. ಹೆರಿಗೆ ಆದ ಮೇಲಿನ ಕೆಲವು ವಾರ ರಕ್ತ ಹೆಪ್ಪುಗಟ್ಟೋ ಗುಣ ಜಾಸ್ತಿ ಇರುತ್ತೆ. ಅದರ ಮೇಲೆ ನಮ್ಮ ಕಡೆ 'ಬಾಣಂತಿಗೆ ನೀರು ಕೊಡಬಾರದು, ಶೀತ ಆಗುತ್ತೆ' ಅಂತ ಬಾಯಿ ಒಣಗಿಸ್ತಾರೆ. ನೀರಿಲ್ಲದೆ ರಕ್ತ ಇನ್ನೂ ಗಟ್ಟಿ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಈ ಕಾಯಿಲೆ ಬಗ್ಗೆ ಅಧ್ಯಯನ ಮಾಡ್ತಾ ಬಂದಿದ್ದಾರೆ. ತೀವ್ರ ತಲೆನೋವು, ವಾಂತಿ, ಫಿಟ್ಸ್, ಮಂಕು, ಹೀಗೆ ಶುರುವಾಗುತ್ತೆ. ಆಳದ ಅಭಿಧಮನಿ ಕಟ್ಟಿದ್ರೆ ಇಲ್ಲೂ ಎರಡೂ ಥಲಾಮಸ್ ಊದ್ಕೊಳ್ಳುತ್ತೆ.

ಸಾದಾ ಸಿಟಿಯಲ್ಲಿ ಇದೂ ತಪ್ಪಿಸ್ಕೊಳ್ಳಬಹುದು. ಅಭಿಧಮನಿಗಳನ್ನೇ ತೋರಿಸೋ ವೆನೋಗ್ರಾಂ ಮಾಡಬೇಕು. ಅದನ್ನ ಮಾಡಬೇಕು ಅಂತ ಡಾಕ್ಟರಿಗೆ ಹೊಳೀಬೇಕಾದ್ರೆ, 'ಹೆರಿಗೆ ಆಗಿ ಹತ್ತು ದಿನ ಆಯ್ತು' ಅಂತ ಯಾರಾದ್ರೂ ಬಾಯಿಬಿಟ್ಟು ಹೇಳಬೇಕು. ಬೇಗ ಗೊತ್ತಾದ್ರೆ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಔಷಧಿಯಿಂದ ತುಂಬಾ ಜನ ಚೆನ್ನಾಗಿ ಚೇತರಿಸ್ಕೋತಾರೆ. ಮನೇಲಿ ಬಾಣಂತಿ ಇದ್ರೆ ನೀರು ಕೊಡಿ. ಕಾಯಿಸಿ ಆರಿಸಿ ಕೊಡಿ, ಜಗಳ ಇಲ್ಲ, ಆದ್ರೆ ಕೊಡಿ.

ನೋಡಿ, ಮೂರೂ ಕಡೆ ಒಂದೇ ಪಾಠ. ಮಷೀನು ನಾವು ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತೆ. ಸರಿಯಾದ ಪ್ರಶ್ನೆ ಸಿಗೋದು ಮನೆಯವರ ಬಾಯಲ್ಲಿ.

ಫೋನ್ ಬಂದಾಗ ಏನ್ಮಾಡ್ಬೇಕು

ನೀವು ಬೆಂಗಳೂರಲ್ಲೋ ಮೈಸೂರಲ್ಲೋ ಇರ್ತೀರ, ಊರಿಂದ ಫೋನ್ ಬರುತ್ತೆ. ಆಗ ನಾನು ಮಾಡಿದ್ದನ್ನ ನೀವು ಮಾಡಬೇಡಿ.

ಮೊದಲು ವಿಡಿಯೋ ಕಾಲ್ ಮಾಡಿ. ನಗೋಕೆ ಹೇಳಿ, ಬಾಯಿ ಒಂದು ಕಡೆ ಎಳೀತಾ ನೋಡಿ. ಎರಡೂ ಕೈ ಮುಂದಕ್ಕೆ ಚಾಚಿ ಹತ್ತು ಎಣಿಸೋಕೆ ಹೇಳಿ, ಒಂದು ಕೈ ಕೆಳಗಿಳಿಯುತ್ತಾ ನೋಡಿ, ಮಾತು ತೊದಲುತ್ತಾ ಕೇಳಿ. ನಡಿಗೆ ವಾಲುತ್ತಾ, ಕಣ್ಣು ಎರಡೆರಡಾಗಿ ಕಾಣುತ್ತಾ ಕೇಳಿ. ಒಂದು ಇದ್ರೂ ಸಾಕು, 108ಕ್ಕೆ ಫೋನ್. ವಾಸಿ ಆಯ್ತು ಅಂದ್ರೂ ಹೊರಡಲೇಬೇಕು.

ಎರಡನೇದು, ಕೊನೇ ಸಲ ಸರಿ ಇದ್ದಿದ್ದು ಎಷ್ಟೊತ್ತಿಗೆ? ಅದನ್ನ ಕೇಳಿ ಬರ್ಕೊಳ್ಳಿ. 'ಬೆಳಗ್ಗೆ' ಅಂದ್ರೆ ಸಾಲದು. ಹಾಲು ಕರೆಯೋವಾಗ ಸರಿ ಇದ್ರಾ, ಕಾಫಿ ಕುಡಿಯೋವಾಗ ಸರಿ ಇದ್ರಾ, ಹಾಗೆ ಕೇಳಿದ್ರೆ ಟೈಮ್ ಸಿಗುತ್ತೆ. ತಗೊಳ್ತಿರೋ ಮಾತ್ರೆಗಳ ಫೋಟೋ ತರಿಸ್ಕೊಳ್ಳಿ, ರಕ್ತ ತೆಳು ಮಾಡೋ ಮಾತ್ರೆ ಇದ್ರೆ ಮುಖ್ಯವಾಗಿ ಹೇಳಿ.

ಬಾಯಿಗೆ ನೀರು, ಕಾಫಿ, ಮಾತ್ರೆ ಏನೂ ಹಾಕಬಾರದು. ನುಂಗೋಕಾಗದೆ ಶ್ವಾಸಕೋಶಕ್ಕೆ ಹೋಗಬಹುದು. ಸಿಟಿ ಆಗೋ ಮುಂಚೆ ಆಸ್ಪಿರಿನ್ ಕೊಡಬೇಡಿ, ಒಡೆದಿರೋ ನಾಳ ಆಗಿದ್ರೆ ಅಪಾಯ. ಬೀಪಿ ಇಳಿಸೋಕೆ ಮನೇಲೇ ಎರಡು ಮಾತ್ರೆ ನುಂಗಿಸೋದೂ ಬೇಡ. ಪಾರಿವಾಳದ ರಕ್ತ ಹಚ್ಚೋದು, ನಾಟಿ ಔಷಧಿಗೆ ಅಂತ ಊರೂರು ಸುತ್ತೋದು, ಇವಕ್ಕೆ ಬೈಯ್ಯೋಕೆ ನಾನು ಬಂದಿಲ್ಲ, ನಮ್ಮನೇಲೂ ಆಮೇಲೆ ಅದೆಲ್ಲ ನಡೀತು. ಆದ್ರೆ ಆ ನಾಲ್ಕೂವರೆ ಗಂಟೆ ವಾಪಸ್ ಬರಲ್ಲ.

ಆಸ್ಪತ್ರೇಲಿ ಸಿಟಿ ನಾರ್ಮಲ್ ಅಂದ್ರೆ, ಗೌರವವಾಗಿ ಒಂದೇ ಪ್ರಶ್ನೆ ಕೇಳಿ: 'ಡಾಕ್ಟ್ರೇ, ರಕ್ತಸ್ರಾವ ಇಲ್ಲ ಸರಿ, ಹಾಗಾದ್ರೆ ನಾಳ ಕಟ್ಟಿರಬಹುದಾ? ಇಂಜೆಕ್ಷನ್ ಟೈಮ್ ಇದೆಯಾ?' ಅಲ್ಲಿ ಆ ವ್ಯವಸ್ಥೆ ಇಲ್ಲದಿದ್ರೆ ಎಲ್ಲಿ ಇದೆ ಅಂತ ಕೇಳಿ. ಹತ್ತಿರದಲ್ಲಿ ಹಗಲು ರಾತ್ರಿ ಸ್ಟ್ರೋಕ್ ನೋಡೋ ಆಸ್ಪತ್ರೆ ಯಾವುದು ಅನ್ನೋದನ್ನ ತೊಂದರೆ ಬರೋ ಮುಂಚೆ, ಇವತ್ತೇ ವಿಚಾರಿಸಿ ಫೋನಲ್ಲಿ ಸೇವ್ ಮಾಡ್ಕೊಳ್ಳಿ. ನಮ್ಮ ಜಿಲ್ಲೆಗೆ ಈಗ ಯಡಪುರದ ಹತ್ರ ಮೆಡಿಕಲ್ ಕಾಲೇಜಿನ 450 ಹಾಸಿಗೆಯ ಆಸ್ಪತ್ರೆ ಇದೆ, 2021ರ ಅಕ್ಟೋಬರ್‌ನಲ್ಲಿ ರಾಷ್ಟ್ರಪತಿಗಳು ಬಂದು ಉದ್ಘಾಟಿಸಿದ್ದು. ಊರಿಂದ ಮೈಸೂರಿನ ದೂರ ಮಾತ್ರ ಅಷ್ಟೇ ಇದೆ. ಹಾಗಾಗಿ ಉಳಿಸೋಕೆ ಆಗೋದು ಮನೇಲಿ ಕಳೆಯೋ ಟೈಮನ್ನ.

2023ರ ಆಗಸ್ಟ್ 30ಕ್ಕೆ ಎಚ್.ಡಿ. ಕುಮಾರಸ್ವಾಮಿ ಅವರಿಗೆ ಸ್ಟ್ರೋಕ್ ಆಗಿ ಬೆಂಗಳೂರಲ್ಲಿ ಆಸ್ಪತ್ರೆಗೆ ಸೇರಿದ್ದು ನಿಮಗೆ ನೆನಪಿರಬಹುದು. ಹೊರಗೆ ಬಂದ ಮೇಲೆ ಅವರು ಜನರಿಗೆ ಹೇಳಿದ್ದೂ ಇದನ್ನೇ, ಲಕ್ಷಣ ಕಂಡ್ರೆ ಉದಾಸೀನ ಮಾಡಬೇಡಿ, ತಡ ಮಾಡಬೇಡಿ ಅಂತ. ಪಕ್ಷ ಯಾವುದಾದ್ರೂ ಆಗಲಿ, ಆ ಮಾತು ಎಲ್ಲರಿಗೂ.

ಕೊನೇದು, ಬೀಪಿ. 140/90 ದಾಟಿದ್ರೆ ಜಾಸ್ತಿ ಅಂತ ಲೆಕ್ಕ. ಅದಕ್ಕೆ ನೋವಿಲ್ಲ, ಸದ್ದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಈ ಭಾನುವಾರ ಅಪ್ಪ-ಅವ್ವನ ಜತೆ ಮಾತಾಡುವಾಗ 'ಊಟ ಆಯ್ತಾ' ಜತೆಗೆ 'ಬೀಪಿ ಮಾತ್ರೆ ಆಯ್ತಾ' ಅಂತಲೂ ಕೇಳಿ.

ನಮ್ಮಪ್ಪ ಈಗ ಕೋಲು ಹಿಡಿದು ಡೇರಿಗೆ ಹೋಗ್ತಾರೆ. ಫಿಸಿಯೋಥೆರಪಿ ಒಂದು ವರ್ಷ ಬಿಡದೆ ಮಾಡಿಸಿದ್ವಿ. ಕಾಲು ಮುಕ್ಕಾಲು ಭಾಗ ಬಂತು, ಬಲಗೈ ಬರಲಿಲ್ಲ. ಕ್ಯಾನನ್ನ ಎಡಗೈಲಿ ಹಿಡೀತಾರೆ, ಮೊದಲಿನದಕ್ಕಿಂತ ಸಣ್ಣ ಕ್ಯಾನು. ಆ ಮೆಸೇಜಿನ ವಿಷಯ ನಾನು ಅವರಿಗೆ ಹೇಳಿದ್ದು ಎರಡು ವರ್ಷ ಆದ ಮೇಲೆ. ಸ್ವಲ್ಪ ಹೊತ್ತು ಸುಮ್ನಿದ್ದು, 'ನಾನೂ ಮಾತ್ರ ಬುಟ್ಬುಟ್ಟಿದ್ನಲ್ಲ ಮಗ, ಬುಡು' ಅಂದ್ರು. ಆಮೇಲೆ, 'ಬ್ಯಾರೆಯವರ್ಗ ಹೇಳು' ಅಂದ್ರು.

ಹೇಳಿದ್ದೀನಿ.  ಇದನ್ನ ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ಸಲ ಹಾಕಿ.